ಗೇಣು ನೇಯ್ದು ತೋರಸ್ರಿ

ಸೀರೆಯಂಚಿನ ವಿನ್ಯಾಸ ಬಿಡಿಸುವ ಸಾಫ್ಟ್‌ವೇರ್ ಬೇಕೆಂದು ಬೆಳಗಾವಿಯ ಶಹಾಪುರದ ಮಗ್ಗದ ಮಾಲೀಕರೊಬ್ಬರು ನನ್ನನ್ನು ಕರೆಸಿದ್ದರು. ನಾನು ನೂರು ಪುಟದ ಯೋಜನೆ ಮುಂದಿಟ್ಟು, "ಸಹಿ ಹಾಕ್ರಿ. ಆರು ತಿಂಗಳಿಗೆ ಪೂರ್ತಿ ಕೊಡ್ತೀನಿ, ನಡುವ ಬದಲಿ ಮಾಡಾಂಗಿಲ್ಲ" ಅಂದೆ.

ಅವರು ಪುಟ ತಿರುವಲೇ ಇಲ್ಲ. "ನಾವು ಗೇಣು ನೇಯ್ದು ಗಿರಾಕಿಗೆ ತೋರಸ್ತೀವ್ರಿ. ತಪ್ಪಿದ್ರ ಅಷ್ಟ ಬಿಚ್ಚತೀವಿ. ನೀವು ಪೂರಾ ಸೀರಿ ನೇಯ್ದ ಮ್ಯಾಲ ತೋರಸ್ತೀರೇನು?"

ಸಿಟ್ಟು ಬಂತು. ಹಟಕ್ಕೆ ಬಿದ್ದು, ಎಂಟೇ ದಿನದಲ್ಲಿ ಒಂದೇ ಒಂದು ನವಿಲಿನ ಅಂಚು ಬಿಡಿಸುವಷ್ಟು ಬರೆದು ಫ್ಲಾಪಿಯಲ್ಲಿ ಒಯ್ದೆ. ನೋಡಿದವರೇ, "ನವಿಲು ತಲಿಕೆಳಗ ನಿಂತೈತ್ರಿ" ಅಂದರು. ಬಿಚ್ಚಿದೆ. ಮುಂದಿನ ವಾರ ಇನ್ನೊಂದು ಗೇಣು.

ಆ ನೂರು ಪುಟವೂ ದಂಡವಾಗಲಿಲ್ಲ. ಮಾಲೀಕರು ಮಡಿಕೆ ಕೆಡದಂತೆ ಸೀರೆಗೊಂದರಂತೆ ಅದರ ಹಾಳೆಯಿಟ್ಟು ಮಾರಿದರು. ನನ್ನ ಯೋಜನೆ ಅಷ್ಟು ಮನೆ ಮುಟ್ಟಿದ್ದು ಅದೊಂದೇ ಸಲ.