ಗಳಕ್ಕೆ ಕಟ್ಟಿದ ಬುಟ್ಟಿ

ನನ್ನ ಅತ್ತೆ ಶೇಷಮ್ಮ ಎಲೆಯಡಿಕೆ ಜಗಿದು ಅಂಗಳದ ದಾಸವಾಳದ ಬುಡಕ್ಕೆ ಉಗಿಯುತ್ತಾರೆ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಆ ಕೆಂಪು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ. ಅನ್ನವನ್ನು ಕೈಯಲ್ಲೇ ತೆಗೆದು ಬಡಿಸುತ್ತಿದ್ದರು, ಅದೂ ಸೇರುತ್ತಿರಲಿಲ್ಲ. ಕೋಳಿಗಳನ್ನು ಬೈಯುವಾಗ ಅವರ ಬಾಯಿಂದ ಬರುವ ಮಾತುಗಳನ್ನಂತೂ ಇಲ್ಲಿ ಬರೆಯುವ ಹಾಗಿಲ್ಲ. ನಾನು ಡಿ.ಎಡ್. ಮಾಡಿ ಸರ್ಕಾರಿ ಶಾಲೆಯಲ್ಲಿ ಟೀಚರಾದವಳು, ಮೂಗು ಮುರಿಯುವುದು ನನಗೆ ಸುಲಭವಾಗಿತ್ತು. ಹನ್ನೊಂದು ವರ್ಷದಲ್ಲಿ ನನ್ನ ಆ ಅಸಹ್ಯಭಾವವು ಅತ್ತೆಯನ್ನು ಬಿಟ್ಟು ಬೇರೆ ಕಡೆಗೆ ಹೋಯಿತು. ಕಡೆಗೆ ಎಲ್ಲಿ ಹೋಗಿ ಕೂತಿತು ಎನ್ನುವುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಮೇಲಿನ ಸಣ್ಣ ಊರು. ಗಂಡ ರವೀಶ್ ಸಾಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಮನೆಯ ಹಿಂದೆ ಒಂದೂವರೆ ಎಕರೆ ಗದ್ದೆ. ಅತ್ತೆಯ ತವರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದಾಗ ಅವರು ಹತ್ತು ವರ್ಷದ ಹುಡುಗಿ. ಇಲ್ಲಿಗೆ ಸೊಸೆಯಾಗಿ ಬಂದಾಗ ಈ ಗದ್ದೆಯೂ ಬೇರೆಯವರದು, ಮಾವನದು ಗೇಣಿ. ಉಳುವವನೇ ಒಡೆಯ ಕಾನೂನು ಬಂದಾಗ ಡಿಕ್ಲರೇಷನ್ ಕೊಟ್ಟು, ಓಡಾಡಿ, ಗದ್ದೆ ಸ್ವಂತವಾದ ವರ್ಷ ತಾನು ಬರೆದ ಬುಟ್ಟಿಯಲ್ಲಿ ಎಷ್ಟು ಸಾಲು ಸಸಿ ಇತ್ತು ಎನ್ನುವುದನ್ನು ಅತ್ತೆ ಈಗಲೂ ಹೇಳುತ್ತಾರೆ. ನನ್ನ ಹುಟ್ಟಿದ ದಿನ ಮಾತ್ರ ಅವರಿಗೆ ಯಾವತ್ತೂ ನೆನಪಿರುವುದಿಲ್ಲ.

ಬುಟ್ಟಿ ಎಂದರೆ ಭೂಮಿ ಹುಣ್ಣಿಮೆಯ ಬುಟ್ಟಿ. ದೀಪಾವಳಿಗೆ ಹದಿನೈದು ದಿನ ಮೊದಲಿನ ಹುಣ್ಣಿಮೆಯಲ್ಲಿ, ಬತ್ತ ತೆನೆ ಕಟ್ಟುವ ಹೊತ್ತಿಗೆ, ನಮ್ಮವರು ಭೂಮಿಯನ್ನು ಬಸುರಿ ಎಂದು ತಿಳಿದು ಬಯಕೆಯ ಊಟ ಒಯ್ಯುತ್ತಾರೆ. ದೊಡ್ಡ ಬುಟ್ಟಿಯಲ್ಲಿ ಕಡುಬು, ಪಲ್ಯ, ಪಾಯಸ. ಸಣ್ಣ ಬುಟ್ಟಿಯಲ್ಲಿ ಚರಗ, ಅಂದರೆ ಗುಡ್ಡದಿಂದ ತಂದ ಬಗೆಬಗೆಯ ಸೊಪ್ಪನ್ನು ಅನ್ನದೊಂದಿಗೆ ಬೇಯಿಸಿದ ಬೆರಕೆ. ಅದನ್ನು ಗದ್ದೆಯ ತುಂಬ ಬೀರುತ್ತಾರೆ. ಎರಡು ಬುಟ್ಟಿಗೂ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಸಸಿಯ ಸಾಲಿನಂಥ ಚಿತ್ತಾರ ಬರೆಯಬೇಕು. ಅತ್ತೆಗೆ ಅದಕ್ಕೆ ನಾರಿನ ಕಡ್ಡಿಯೊಂದು ಸಾಕು. ಒಮ್ಮೆ ಯಾರೋ ಕ್ಯಾಮೆರಾ ಹಿಡಿದು ಬಂದು, ಬಟ್ಟೆಯ ಮೇಲೆ ಬರೆದುಕೊಡಿ, ಮಾರಿಕೊಡುತ್ತೇವೆ ಎಂದಿದ್ದರು. “ಬುಟ್ಟಿ ಗದ್ದಿಗೆ ಹೋಗಕ್ಕೆ ಬರೆಯೂದು, ಗ್ವಾಡೆಗೆ ತೂಗಾಕಕ್ಕಲ್ಲ” ಎಂದು ಅತ್ತೆ ದಾಸವಾಳದ ಕಡೆ ತಿರುಗಿ ಉಗಿದಿದ್ದರು.

ನಾನು ಹೇಳಹೊರಟಿರುವ ವರ್ಷ ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ದೀಪಾವಳಿ ಕಳೆದ ಮೇಲೆ ಎಂದು ನಿಶ್ಚಯವಾಗಿತ್ತು. ದೊಡ್ಡ ಬುಟ್ಟಿಯನ್ನು ಹೇಗೋ ಮೊದಲೇ ಬರೆದಿಟ್ಟಿದ್ದರು. ಎರಡು ದಿನದಲ್ಲಿ ಮುಗಿಯುತ್ತಿದ್ದ ಸಣ್ಣ ಬುಟ್ಟಿಗೆ ಒಂಬತ್ತು ದಿನ ಹಿಡಿಯಿತು. ಎಡಗಣ್ಣಿನ ಹತ್ತಿರ ಬುಟ್ಟಿಯನ್ನು ಹಿಡಿದು, ಮೂಗಿಗೆ ಬಿಳಿ ಬಳಿದುಕೊಂಡು ಬರೆದರು. ಮದುವೆಯಾದಾಗಿನಿಂದ ಒಂದು ವರ್ಷವೂ ಎರಡೂ ಬುಟ್ಟಿ ಬರೆಯದೆ ಗದ್ದೆಗೆ ಹೋದವರಲ್ಲ. ಈ ವರ್ಷವೂ ತಪ್ಪಬಾರದು ಎನ್ನುವುದೊಂದೇ ಹಟ. ಮುಗಿದ ಮೇಲೆ ಐದು ವರ್ಷದ ನನ್ನ ಮಗಳು ಶ್ರೀಗೌರಿ ಮುಟ್ಟಬಾರದೆಂದು ಜಗಲಿಯ ಮೇಲಿನ ಗಳಕ್ಕೆ ಬುಟ್ಟಿಯನ್ನು ಎತ್ತರದಲ್ಲಿ ಕಟ್ಟಿ ತೂಗಿಸಿದರು.

ಈಗ ನನ್ನ ವಿಷಯ. ಏಪ್ರಿಲ್ ಮೇ ತಿಂಗಳಲ್ಲಿ ನಾನು ಮನೆ ಮನೆ ತಿರುಗಿ, ನಿಮ್ಮ ಮಕ್ಕಳನ್ನು ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿ ಎಂದು ಕೈಮುಗಿಯುವವಳು. ನನ್ನ ಮಗಳನ್ನು ಮಾತ್ರ ವ್ಯಾನ್ ಹತ್ತಿಸಿ ಸಾಗರದ ಒಂದು ಇಂಗ್ಲಿಷ್ ಶಾಲೆಗೆ ಕಳಿಸುತ್ತೇನೆ. ಆ ಶಾಲೆಯವರಿಂದ ದಸರಾ ರಜೆ ಮುಗಿದ ಮಾರನೆಯ ದಿನವೇ ವಾಟ್ಸಾಪ್ ಬಂತು. ಶುಕ್ರವಾರ ಹ್ಯಾಲೊವೀನ್. ಮಕ್ಕಳು ದೆವ್ವದ ವೇಷ ಹಾಕಿಕೊಂಡು, ಮಿಠಾಯಿ ತುಂಬಿಸಿಕೊಳ್ಳಲು ಅಲಂಕಾರ ಮಾಡಿದ ಬುಟ್ಟಿ ತರಬೇಕು. ಕೆಳಗೆ ತಾಯಂದಿರ ಸಾಲು ಸಾಲು ಚಪ್ಪಾಳೆ. ಒಬ್ಬಾಕೆ ಮಗನಿಗೆ ರಕ್ತ ಸುರಿಯುವ ಹಲ್ಲು ತರಿಸಿದ್ದಳು, ಅದರ ಫೋಟೋ. ನೋಡಿದರೇ ಅಸಹ್ಯವಾಗುತ್ತಿತ್ತು. ಮನೆಯ ಮಗು ಕತ್ತಲೆಗೆ ಹೆದರಿದರೆ ಮೆಣಸು ಉಪ್ಪು ನಿವಾಳಿಸಿ ಒಲೆಗೆ ಹಾಕುವ ಹೆಂಗಸರು, ಅದೇ ಮಗುವಿಗೆ ಹೆಣದ ಮುಖ ಬಳಿಯಲು ನಾಮುಂದು ತಾಮುಂದು ಎನ್ನುತ್ತಿದ್ದರು. ನಾನೇನು ಮಾಡಿದೆ? ನಾನೂ ಚಪ್ಪಾಳೆಯ ಚಿತ್ರ ಒತ್ತಿದೆ. ಸಾಗರಕ್ಕೆ ಹೋಗಿ ಕಪ್ಪು ಬಟ್ಟೆ ತಂದು ಹೊಲಿದೆ, ಚಾರ್ಟ್ ಪೇಪರಿನಲ್ಲಿ ಚೂಪು ಟೋಪಿ ಮಾಡಿದೆ.

ಶಾಲೆಗೆ ಬೇಕಾದ ಬುಟ್ಟಿಯ ಸಂಗತಿ ಮರೆತೇಹೋಗಿತ್ತು. ಹುಣ್ಣಿಮೆ ಶನಿವಾರ. ಅಡಿಗೆ ಕೆಲಸಕ್ಕೆಂದು ಶುಕ್ರವಾರ ನಾನು ರಜೆ ಹಾಕಿದ್ದೆ. ಅತ್ತೆ ಬೆಳಿಗ್ಗೆಯೇ ಚರಗದ ಸೊಪ್ಪು ಕೊಯ್ಯಲು ಗುಡ್ಡಕ್ಕೆ ಹೋಗಿದ್ದರು. ರವೀಶ್ ಅಂಗಡಿಗೆ ಹೋಗಿಯಾಗಿತ್ತು. ರಸ್ತೆಯಲ್ಲಿ ವಾಸಪ್ಪನ ವ್ಯಾನು ಹಾರ್ನ್ ಹೊಡೆಯಿತು. ಟೋಪಿ ಹಾಕಿಕೊಂಡ ಮಗಳು, “ಅಮ್ಮಾ, ಬಾಸ್ಕೆಟ್! ಬಾಸ್ಕೆಟ್ ಇಲ್ದಿದ್ರೆ ಮಿಸ್ ಬೈತಾರೆ” ಎಂದು ಅಳಲು ಶುರುಮಾಡಿದಳು. ನಾನು ಸ್ಟೂಲು ಎಳೆದು ಹತ್ತಿ, ಗಳದಿಂದ ಸಣ್ಣ ಬುಟ್ಟಿಯನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಸರದಲ್ಲಿ ಕೊಟ್ಟೆ ಎಂದರೆ ಅರ್ಧ ಸುಳ್ಳು. ಇಂಥ ಬುಟ್ಟಿ ಬೇರೆ ಯಾವ ಮಗುವಿನ ಹತ್ತಿರವೂ ಇರುವುದಿಲ್ಲ, ಮಿಸ್ ಗ್ರೂಪಿನಲ್ಲಿ ಫೋಟೋ ಹಾಕುತ್ತಾರೆ, ಎಲ್ಲರೂ ನೋಡಲಿ ಎಂಬ ಆಸೆ ನನಗಿತ್ತು. ಸಂಜೆಯೊಳಗೆ ಮತ್ತೆ ಕಟ್ಟಿಬಿಟ್ಟರೆ ಅತ್ತೆಯ ಮಬ್ಬುಗಣ್ಣಿಗೆ ತಿಳಿಯುವುದಿಲ್ಲ ಎಂದೂ ಅಂದುಕೊಂಡಿದ್ದೆ.

ಮಧ್ಯಾಹ್ನ ಅತ್ತೆ ಬಂದು ನೇರ ಹಿತ್ತಲಿಗೆ ಹೋಗಿ ಸೊಪ್ಪು ಸೋಸಲು ಕೂತರು. ಬರಿದಾದ ಗಳ ಅವರ ಕಣ್ಣಿಗೆ ಬೀಳಲಿಲ್ಲ. ಮೂರೂವರೆಗೆ ವ್ಯಾನು ಬಂದಾಗ ಮಾತ್ರ ಅವರೂ ಜಗಲಿಗೆ ಬಂದರು, ಮೊಮ್ಮಗಳ ವೇಷ ನೋಡಬೇಕೆಂದು.

ವಾಸಪ್ಪ ಒಂದು ಕೈಯಲ್ಲಿ ಮಗಳನ್ನು ಇಳಿಸಿದ. ಇನ್ನೊಂದು ಕೈಯನ್ನು ಮೈಯಿಂದ ಆದಷ್ಟು ದೂರಕ್ಕೆ ಚಾಚಿ ಬುಟ್ಟಿ ಹಿಡಿದಿದ್ದ. ಅವನೂ ನಮ್ಮ ಪೈಕಿಯವನೇ.

“ಟೀಚರ್ರೇ, ಮಗು ಕಕ್ಕೊಂಡದೆ. ಪಾಪ, ಸೀಟಿನ ಮ್ಯಾಲೆ ಬೀಳಿಸ್ಲಿಲ್ಲ, ಇದ್ರೊಳಗೇ ಕಕ್ಕಿತು” ಎಂದ.

ಒಳಗೆ ಗುಲಾಬಿ ಬಣ್ಣದ ವಾಂತಿ, ಸ್ಟ್ರಾಬೆರಿ ಎಸೆನ್ಸಿನ ಹುಳಿ ವಾಸನೆ. ಅದರಲ್ಲಿ ಕರಗದೆ ಉಳಿದ ಜೆಲ್ಲಿಯ ಬೆರಳುಗಳು, ಉಗುರಿನ ಸಮೇತ. ಒಂದು ಬೆರಳನ್ನು ಅರ್ಧ ಅಗಿದು ಬಿಟ್ಟಿದ್ದಳು. ಜೆಲ್ಲಿಯ ಕಣ್ಣುಗುಡ್ಡೆಯೊಂದು ಮೇಲಕ್ಕೆ ನೋಡುತ್ತಿತ್ತು. ಬುಟ್ಟಿಯ ಹೊರಗೆ, ಅತ್ತೆ ಬರೆದ ಸಸಿಯ ಸಾಲಿನ ಮೇಲೆ, ಯಾರೋ ಸ್ಪ್ರೇ ಹೊಡೆದು ಅಂಗೈಯಗಲದ ಕಪ್ಪು ಜೇಡ ಮೂಡಿಸಿದ್ದರು. ಕಂಠಕ್ಕೆ ಫಸ್ಟ್ ಪ್ರೈಜ್ ಎಂದು ಬರೆದ ರಿಬ್ಬನ್ ಕಟ್ಟಿದ್ದರು.

ವಾಸಪ್ಪ ಬುಟ್ಟಿಯನ್ನು ನೋಡಿದ, ನನ್ನನ್ನು ನೋಡಿದ. “ಇದು ನಾಳಿನ ಬುಟ್ಟಿ ಅಲ್ವನ್ರೀ? ಇದನ್ನ ಯಾರು ಕೊಟ್ಟು ಕಳ್ಸಿದ್ರು?”

“ಇವಳೇ ಎತ್ಕೊಂಡು ಹೋಗಿದಾಳೆ ವಾಸಪ್ಪ. ನಂಗೆ ಗೊತ್ತೇ ಆಗ್ಲಿಲ್ಲ.”

ಯೋಚಿಸಿ ಹೇಳಿದ ಮಾತಲ್ಲ. ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಮಗಳು ಮುಖವೆತ್ತಿ ನನ್ನನ್ನು ನೋಡಿದಳು. ಕೆನ್ನೆಯ ಮೇಲೆ ಕಪ್ಪು ಬಣ್ಣ, ತುಟಿಯ ಪಕ್ಕ ಒಣಗಿದ ವಾಂತಿ. ಹಿಂದೆ ಜಗಲಿಯಲ್ಲಿ ನಿಂತಿದ್ದ ಅತ್ತೆ, “ಹೌದನೇ ಗೌರಿ?” ಎಂದು ಕೇಳಿದರು.

“ಹೂಂ ಅಜ್ಜಿ. ನಾನೇ ತಗೊಂಡೆ.”

ಅತ್ತೆ ಕೋಳಿಗೆ ಬೈಯುವ ಒಂದು ಮಾತನ್ನೂ ಆಡಲಿಲ್ಲ. ಬುಟ್ಟಿಯನ್ನು ತೆಗೆದುಕೊಂಡು ಹಿತ್ತಲ ನಲ್ಲಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ಎರಡು ಬೆರಳಿನಲ್ಲಿ ಕಣ್ಣುಗುಡ್ಡೆಯನ್ನು ಎತ್ತಿ ಎಡಗಣ್ಣಿನ ಹತ್ತಿರ ಹಿಡಿದರು.

“ಎಂತದಿದು?”

“ಕಣ್ಣು ಅತ್ತೆ. ಮಿಠಾಯಿ.”

“ಮಕ್ಕಳಿಗೆ ಕಣ್ಣು ತಿನ್ನಕ್ಕೆ ಕೊಡ್ತಾರಾ? ಥೂ!” ಎಂದು ಅದನ್ನು ಬೇಲಿಯಾಚೆ ಎಸೆದರು.

ಸೀಗೆಪುಡಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿದರು. ಒಂಬತ್ತು ದಿನ ಬರೆದ ಅಕ್ಕಿಯ ಬಿಳಿ ಒಂದೇ ಚೊಂಬು ನೀರಿಗೆ ಹರಿದುಹೋಯಿತು, ಕೆಮ್ಮಣ್ಣೂ ಹೋಯಿತು. ಸ್ಪ್ರೇ ಬಣ್ಣ ಮಾತ್ರ ಹೋಗಲಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬಿದಿರಿಗೆ ಕಚ್ಚಿಕೊಂಡೇ ಇತ್ತು. ನಾನು ನಿಂತು ನೋಡುತ್ತಿದ್ದೆ. ನೋಡಲಾಗದೆ, “ಚರಗವನ್ನ ಸ್ಟೀಲ್ ಪಾತ್ರೇಲಿ ತಗೊಂಡು ಹೋದ್ರಾಯ್ತಲ್ಲ ಅತ್ತೆ” ಎಂದೆ. ಅತ್ತೆ ಇನ್ನೊಂದು ಹಿಡಿ ಸೀಗೆಪುಡಿ ಹಾಕಿ ಉಜ್ಜಿದರು. ನನ್ನ ಬಾಯಿಂದ ಹೊರಟದ್ದೆಲ್ಲ ನನಗೇ ಹೇಸಿಗೆ ಹುಟ್ಟಿಸುತ್ತಿತ್ತು, ಆದರೂ ಹೇಳಬೇಕಾದ ಒಂದು ಮಾತು ಮಾತ್ರ ಹೊರಡಲಿಲ್ಲ. ಸಂಜೆ ಫೋನಿನಲ್ಲಿ ಮಿಸ್ ಹಾಕಿದ ಫೋಟೋ ಬಂತು. ಬುಟ್ಟಿ ಹಿಡಿದ ಮಗಳು, ಕೆಳಗೆ ಐವತ್ತು ಚಪ್ಪಾಳೆ. ನಾನು ಆಸೆಪಟ್ಟಿದ್ದ ಫೋಟೋ ಅದೇ.

ಅತ್ತೆ ಒದ್ದೆ ಬುಟ್ಟಿಗೆ ಮತ್ತೆ ಕೆಮ್ಮಣ್ಣು ಬಳಿದು ಒಲೆಯ ಹತ್ತಿರ ಇಟ್ಟರು. ಚಿತ್ತಾರ ಬರೆಯಲು ಹೊತ್ತಿರಲಿಲ್ಲ, ದೀಪದ ಬೆಳಕಿನಲ್ಲಿ ಅವರ ಕಣ್ಣೂ ನಡೆಯುತ್ತಿರಲಿಲ್ಲ.

ಶನಿವಾರ ಬೆಳಕು ಹರಿಯುವ ಮೊದಲು ಗದ್ದೆಗೆ ಹೋದೆವು. ರವೀಶ್ ತಲೆಯ ಮೇಲೆ ದೊಡ್ಡ ಬುಟ್ಟಿ, ಅತ್ತೆಯ ಸೊಂಟದಲ್ಲಿ ಸಣ್ಣದು. ಅಕ್ಕಪಕ್ಕದ ಗದ್ದೆಗೂ ಜನ ಬಂದಿದ್ದರು. ಬೆಳಕಾದಂತೆ ಒಬ್ಬರ ಬುಟ್ಟಿ ಇನ್ನೊಬ್ಬರು ನೋಡುವುದು, ಚಂದ ಎಂದರೂ ಒಂದು ಹುಳುಕು ತೆಗೆಯುವುದು ನಮ್ಮಲ್ಲಿ ಇದ್ದದ್ದೇ. ಆಚೆ ಗದ್ದೆಯ ಹೇಮಾವತಿ ಬದುವಿನ ಮೇಲೆ ಬಂದು ನಿಂತಳು. ಅವಳು ಚಿತ್ತಾರ ಕಲಿತದ್ದೇ ಅತ್ತೆಯಿಂದ.

“ಎಂತ ಶೇಷಮ್ಮಕ್ಕಾ, ಸಣ್ಣ ಬುಟ್ಟಿ ಬರೀಲೇ ಇಲ್ವಾ? ಮಣ್ಣಿನಡಿಗೆ ಅದೆಂತ, ಕಪ್ಪು ಕಾಣಿಸ್ತದೆ?”

ನಾನು ಎಲೆ ಹಾಸುತ್ತಿದ್ದವಳು ತಲೆ ಎತ್ತಲಿಲ್ಲ.

“ಕಣ್ಣು ಕಾಣಲ್ಲ ಮಾರಾಯ್ತಿ. ಮಸಿ ಚೆಲ್ಲಿಕೊಂಡೆ. ವಯಸ್ಸಾತು” ಎಂದರು ಅತ್ತೆ. ತನ್ನ ಕೈಚಳಕದ ಬಗ್ಗೆ ಇಡೀ ಊರಿನೆದುರು ಜಂಬ ಕೊಚ್ಚುತ್ತಿದ್ದ ಹೆಂಗಸು ಅವರು. ಹೇಮಾವತಿ ಲೊಚಗುಟ್ಟಿ, “ಮುಂದಿನ ವರ್ಷ ನಾನೇ ಬರೆದು ಕೊಡ್ತೆ ಬಿಡಿ” ಎಂದು ಹೋದಳು. ಅತ್ತೆ ಬುಟ್ಟಿಯ ಕಪ್ಪು ಕಡೆಯನ್ನು ಮೈಗೆ ತಿರುಗಿಸಿ ಹಿಡಿದರು. ಆಮೇಲೆ ರವೀಶನ ಕೈಗೆ ಚರಗದ ಬುಟ್ಟಿ ಕೊಟ್ಟು, ಬೀರು ಎಂದರು. ನಾನು ಗದ್ದೆಯ ಬದುವಿನ ಮೇಲೆ ಕೂತು ಕಡುಬು ಬಾಯಿಗಿಟ್ಟುಕೊಂಡೆ. ಸೆರಗಿನ ಮರೆಯಲ್ಲಿ ಎಲೆಗೆ ಉಗಿದೆ.

ಮನೆಗೆ ಬಂದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಒಳಗೆ ಗಾಜಿನ ಲೋಟ ಒಡೆದ ಸದ್ದಾಯಿತು. ಹೋಗಿ ನೋಡಿದರೆ ಹಾಲು ಚೆಲ್ಲಿದೆ, ಚೂರುಗಳ ನಡುವೆ ಶ್ರೀಗೌರಿ ನಿಂತಿದ್ದಾಳೆ.

“ಯಾರು ಒಡೆದಿದ್ದು?”

“ಅಜ್ಜಿ” ಎಂದಳು. ಕಣ್ಣು ಕೂಡ ಮಿಟುಕಿಸಲಿಲ್ಲ. “ಅಜ್ಜಿಗೆ ಕಣ್ಣು ಕಾಣಲ್ಲ.”

ಅತ್ತೆ ಹೊರಗೆ ಅಂಗಳದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನನ್ನ ಕೈ ಹೊಡೆಯಲು ಮೇಲೆದ್ದಿತು. ಮಗಳು ಹೆದರದೆ ನನ್ನನ್ನೇ ನೋಡಿದಳು, ಸರಿಯಾಗಿ ಹೇಳಿದೆನಲ್ಲ ಎನ್ನುವ ಹಾಗೆ. ಆಗ ನನ್ನ ಮೇಲೆ ನನಗೆ ಬಂದ ಅಸಹ್ಯ ಎಂಥದೆಂದರೆ, ಅದಕ್ಕಿಂತ ಆ ಬುಟ್ಟಿಯ ವಾಂತಿಯನ್ನು ಬೇಕಾದರೆ ಬರಿಗೈಯಲ್ಲಿ ಬಾಚುತ್ತಿದ್ದೆ. ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿ ಅತ್ತೆಯ ಮುಂದೆ ನಿಂತೆ.

“ಅತ್ತೆ, ಬುಟ್ಟಿ ಕೊಟ್ಟಿದ್ದು ನಾನು.”

ಅತ್ತೆ ದಾಸವಾಳದ ಬುಡಕ್ಕೆ ಉಗಿದು ಬಾಯಿ ಒರೆಸಿಕೊಂಡರು.

“ಗೊತ್ತು. ಗಳಕ್ಕೆ ಕಟ್ಟಿದ್ದು ನಾನಲ್ವಾ. ಆ ಎತ್ತರಕ್ಕೆ ಮಗು ಕೈ ಎಟಕ್ತದಾ?” ಅವರು ನನ್ನನ್ನು ನೋಡಲಿಲ್ಲ, ಮಗುವನ್ನು ನೋಡಿದರು. “ನಂಗೆ ಹೇಳಿ ಎಂತ ಮಾಡ್ತಿ? ಅದ್ಕೆ ಹೇಳು.”

ನಾನು ಮಗಳನ್ನು ಕೆಳಗಿಳಿಸಿ ಅವಳ ಮುಂದೆ ಮಣ್ಣಿನಲ್ಲೇ ಕೂತೆ. ಬುಟ್ಟಿ ಬಿಚ್ಚಿ ಕೊಟ್ಟದ್ದು ನಾನು, ನೀನು ಎತ್ತಿಕೊಂಡೆ ಎಂದು ಸುಳ್ಳು ಹೇಳಿದ್ದೂ ನಾನು ಎಂದೆ. ಅವಳು ಹಾಲು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

“ನಂಗೂ ಗೊತ್ತಿತ್ತು” ಎಂದಳು ಆಮೇಲೆ. “ನೀನು ಸ್ಟೂಲ್ ಹತ್ತಿದ್ದು ನಾನು ನೋಡಿದ್ನಲ್ಲ. ಅಜ್ಜಿ ನಿಂಗೆ ಹೊಡೀತಾರೆ ಅಂತ ನಾನು ಹಾಗೆ ಹೇಳಿದೆ.”