ಅಟ್ಟದ ಉದ್ದಣ್ಣ

ಮೊನ್ನೆ ಬೆಲ್ಲ ತರಲು ಹೋದ ಅಂಗಡಿಯಲ್ಲಿ ಯಾರೋ ಉಂಡೆ ಕೊಬ್ಬರಿಯ ಚೀಲದ ಬಾಯಿ ಬಿಚ್ಚಿದರು. ಒಣಗಿದ ಮಟ್ಟೆ, ಹಳೇ ತೊಲೆ, ಒಂದಿಷ್ಟು ಹೊಗೆ, ನಾಲಿಗೆಗೇ ಹತ್ತುವಂಥ ಸಿಹಿ ಎಣ್ಣೆ, ಎಲ್ಲ ಸೇರಿದ ಬೆಚ್ಚನೆಯ ವಾಸನೆ ಒಮ್ಮೆಗೇ ಮುಖಕ್ಕೆ ಬಂತು. ತಿಪಟೂರು ಸೀಮೆಯವರಾದರೆ ಆ ವಾಸನೆಯನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ಕಾಯಿ ಅಟ್ಟದಿಂದ ಇಳಿಸುವ ದಿನ ಇಡೀ ಮನೆ ಹಾಗೆ ಘಮಗುಡುತ್ತಿತ್ತು. "ಎಷ್ಟು ಕಟ್ಲಿ ಮೇಡಂ?" ಎಂದು ಅಂಗಡಿಯವನು ಎರಡು ಸಲ ಕೇಳಿದ ಮೇಲೆ ನನಗೆ ಎಚ್ಚರವಾಯಿತು. ಬೇರೆಯವರಿಗೆ ಕೊಬ್ಬರಿಯ ವಾಸನೆಯಿಂದ ಒಬ್ಬಟ್ಟೋ ಚಟ್ನಿಪುಡಿಯೋ ನೆನಪಾಗುತ್ತದೇನೋ. ನನಗೆ ಮೊದಲು ನೆನಪಾಗುವುದು ಒಂದು ಹಾವು.

ಹಾಲ್ಕುರಿಕೆಯ ದಾರಿಯಲ್ಲಿ, ತೋಟದ ಅಂಚಿಗೆ ನಮ್ಮ ಮನೆಯಿತ್ತು. ಅರ್ಧ ಮನೆಗೆ ಅಟ್ಟ. ಕಿತ್ತ ತೆಂಗಿನಕಾಯನ್ನು ಮಟ್ಟೆ ಸಮೇತ ಅಲ್ಲಿಗೇರಿಸಿದರೆ ಹೆಚ್ಚುಕಮ್ಮಿ ಒಂದು ವರ್ಷ ಅದು ಅಲ್ಲೇ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನುವವರೆಗೂ ಯಾರೂ ಅವಸರಪಡಿಸುವಂತಿಲ್ಲ. "ಈ ಮನೆಗೆ ಮಾಲೀಕರು ಮೇಲಿದ್ದಾರೆ, ನಾವೆಲ್ಲ ಕೆಳಗೆ ಬಾಡಿಗೆಗಿರೋರು" ಎಂದು ಚಿಕ್ಕಪ್ಪ ತಮಾಷೆ ಮಾಡುತ್ತಿದ್ದ. ಅಪ್ಪನ ತಮ್ಮನಾದ ಅವನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ತೋಟದ ಕೆಲಸ, ಒಂದು ಹಳೇ ಟಿವಿಎಸ್ ಗಾಡಿ, ಹಾಡಿನ ಕ್ಯಾಸೆಟ್ಟುಗಳು, ಇಷ್ಟರಲ್ಲೇ ಸುಖವಾಗಿದ್ದ ಮನುಷ್ಯ. ಮನೆಯಲ್ಲಿ ನನ್ನ ಮಾತಿಗೆ ಬೇಸರವಿಲ್ಲದೆ ಉತ್ತರ ಕೊಡುತ್ತಿದ್ದವನೂ ಅವನೊಬ್ಬನೇ. ಏನು ಕಂಡರೂ "ಯಾಕೆ?" ಎನ್ನುವುದು ನನ್ನ ಚಟ. ಅದಕ್ಕೇ ಅಜ್ಜಿ ನನಗೆ ಲಾಯರಮ್ಮ ಎಂದು ಹೆಸರಿಟ್ಟಿದ್ದಳು.

ಹಿತ್ತಲಿನ ಮಟ್ಟೆ ರಾಶಿ ತೆಗೆಯುವಾಗ ಚಿಕ್ಕಪ್ಪನಿಗೆ ಮೊಟ್ಟೆಗಳು ಸಿಕ್ಕವು. ಹಾವಿನವೆಂದು ಆಳುಗಳು ದೂರ ಸರಿದರು. ಅಷ್ಟರಲ್ಲಿ ಒಂದು ಮೊಟ್ಟೆ ಒಡೆದು, ಚಪ್ಪಲಿಯ ಬಾರಿನಷ್ಟು ಗಾತ್ರದ ಮರಿ ಈಚೆ ಬಂತು. ಅದು ಕೇರೆ ಹಾವು, ವಿಷವಿಲ್ಲದ್ದು, ಇಲಿ ತಿಂದುಕೊಂಡು ತನ್ನ ಪಾಡಿಗಿರುವ ಪ್ರಾಣಿ. ಚಿಕ್ಕಪ್ಪ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಒಳಗೆ ತಂದಾಗ ಅಜ್ಜಿ ಬಾಗಿಲಲ್ಲೇ ತಡೆದಳು. "ಶಿವನ ಕೊರಳಲ್ಲಿರಬೌದು, ನಮ್ಮನೇಲಿರಬಾರದೇನವ್ವಾ?" ಎಂದ ಚಿಕ್ಕಪ್ಪ. "ಅವನ ಕೊರಳಲ್ಲಿರೋದು ನಾಗರ ಕಣ್ಲಾ, ಇದು ಕೇರೆ" ಎಂದಳು ಅಜ್ಜಿ. "ಅವನು ದೊಡ್ಡೋನು, ನಾಗರ ಸಾಕ್ದ. ನಾನು ಚಿಕ್ಕೋನು, ಕೇರೆ ಸಾಕ್ತೀನಿ ಬುಡು" ಎಂದು ಚಿಕ್ಕಪ್ಪ ನಗುತ್ತಲೇ ಒಳಗೆ ಬಂದ. ಕಪ್ಪೆಮರಿ, ಇಲಿಮರಿ ತಿಂದು ಬುಟ್ಟಿಗೆ ಮೀರಿ ಬೆಳೆದ ಮೇಲೆ ಅದನ್ನು ಅಟ್ಟಕ್ಕೆ ಬಿಟ್ಟ. ಅಲ್ಲಿಂದಾಚೆಗೆ ನಮ್ಮ ಕಾಯಿಗೆ ಇಲಿ ಹೆಗ್ಗಣಗಳ ಕಾಟ ತಪ್ಪಿತು. ಉದ್ದಣ್ಣ ಎಂದು ಹೆಸರಿಟ್ಟವಳು ನಾನು. ಚಿಕ್ಕಪ್ಪ ಏಣಿಯ ಬುಡದಲ್ಲಿ ನಿಂತು ಮೆಟ್ಟಿಲನ್ನು ಬೆರಳಿನಿಂದ ತಟ್ಟಿದರೆ ಸಾಕು, ಕಾಯಿಗಳ ಸಂದಿಯಿಂದ ಒಂದು ತಲೆ ಇಣುಕಿ, ನಾಲಿಗೆ ಆಡಿಸಿ, ನಿಧಾನವಾಗಿ ಅವನ ತೋಳಿಗೆ ಇಳಿದು ಬರುತ್ತಿತ್ತು. ನಾನು ಅದರ ಬೆನ್ನು ಸವರುತ್ತಿದ್ದೆ. ಹಾವೆಂದರೆ ಲೋಳೆ ಎಂದುಕೊಂಡವರಿಗೆ ಹೇಳುತ್ತೇನೆ, ಅದರ ಮೈ ತೊಳೆದು ಒರೆಸಿಟ್ಟ ತಟ್ಟೆಯ ಹಾಗೆ ತಣ್ಣಗೆ, ಒಣಗಿಕೊಂಡು, ನುಣ್ಣಗಿರುತ್ತಿತ್ತು.

ಆಮೇಲೆ ಚಿಕ್ಕಪ್ಪನಿಗೆ ಮದುವೆಯಾಗಿ ಗಿರಿಜಾ ಚಿಕ್ಕಮ್ಮ ಬಂದಳು. ಅಮ್ಮಸಂದ್ರದ ಕಡೆಯವಳು, ಅವಳಪ್ಪ ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅಟ್ಟದ ಮನೆಯೇ ಅವಳಿಗೆ ಹೊಸದು, ಇನ್ನು ಅಟ್ಟದಲ್ಲಿ ಹಾವಿದೆ ಎಂದರೆ ಹೇಗಾಗಿರಬೇಡ. ಉದ್ದಣ್ಣನನ್ನು ಮೊದಲ ಸಲ ನೋಡಿದ ದಿನ ಕೈಯಲ್ಲಿದ್ದ ಹಿಟ್ಟಿನ ಪಾತ್ರೆಯನ್ನು ಅಲ್ಲೇ ಬಿಟ್ಟು ಬೀದಿಗೆ ಓಡಿದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಡುಗೆಮನೆಗೆ ಹೋಗುವಾಗಲೆಲ್ಲ ತಲೆ ಎತ್ತಿ ತೊಲೆ ನೋಡುತ್ತಿದ್ದಳು. "ಅದನ್ನ ತೋಟಕ್ಕೆ ಬಿಟ್ಬನ್ನಿ ಅಂದ್ರೆ" ಎಂದು ಚಿಕ್ಕಪ್ಪನಿಗೆ ಮೆಲ್ಲಗೆ ಹೇಳುವುದು ನನ್ನ ಕಿವಿಗೂ ಬೀಳುತ್ತಿತ್ತು. ಬಸುರಿಯಾದ ಮೇಲೆ ಅದೇ ಮಾತನ್ನು ಎಲ್ಲರೆದುರಿಗೂ ಗಟ್ಟಿಯಾಗಿಯೇ ಹೇಳತೊಡಗಿದಳು. "ಆಯ್ತು, ಬಾಣಂತನಕ್ಕೆ ಮುಂಚೆ ಬಿಡ್ತೀನಿ" ಎಂದು ಚಿಕ್ಕಪ್ಪ ಒಪ್ಪಿಕೊಂಡಿದ್ದ. ಆಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಚಿಕ್ಕಮ್ಮನ ಮೇಲೆ ನನಗೆ ಒಳಗೊಳಗೇ ಕೋಪವಿತ್ತು, ಆದರೆ ಜಡೆ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಕೋಪವನ್ನು ಜಡೆ ಮುಗಿಯುವವರೆಗೆ ತಡೆದುಕೊಳ್ಳುತ್ತಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ಒಂದು ಬೆಳಿಗ್ಗೆ ಚಿಕ್ಕಪ್ಪ ಮೆಟ್ಟಿಲು ತಟ್ಟಿದ. ಉದ್ದಣ್ಣ ಬರಲಿಲ್ಲ. ಮತ್ತೆ ತಟ್ಟಿದ. ಆಮೇಲೆ ತಾನೇ ಹತ್ತಿ ಹೋದ. ಏಣಿಯ ಕೆಳಗೆ ನಿಂತ ನನಗೆ ಕಾಯಿ ಸರಿಸುವ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಅವನು ಇಳಿದು ಬಂದಾಗ ಹಾವು ಅವನ ಎರಡೂ ತೋಳಿನ ಮೇಲೆ ನೇತಾಡುತ್ತಿತ್ತು. ಗಾಯವಿಲ್ಲ, ರಕ್ತವಿಲ್ಲ, ಮುಂಗುಸಿ ಕಚ್ಚಿದ ಗುರುತಿಲ್ಲ. ಎರಡು ದಿನದ ಹಿಂದೆ ಮೊಟ್ಟೆ ನುಂಗಿ ಚೆನ್ನಾಗಿಯೇ ಇತ್ತು. ಚಿಕ್ಕಪ್ಪ ಅದನ್ನು ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ದನದ ಆಸ್ಪತ್ರೆಗೆ ಹೊರಟ. ನಾನು ಹಟ ಹಿಡಿದು ಹಿಂದೆ ಕೂತೆ, ಚೀಲ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅದು ಒಮ್ಮೆಯಾದರೂ ಮಿಸುಕಲಿ ಎಂದು ಕಾದೆ. ಡಾಕ್ಟರು ಸತ್ತ ಹಾವನ್ನು ಯಾಕೆ ತಂದಿರಿ ಎಂದು ಗದರಲಿಲ್ಲ. ತಿರುಗಿಸಿ ನೋಡಿದರು, ಬಾಯಿ ಬಿಡಿಸಿ ನೋಡಿದರು, ಕೈ ತೊಳೆದುಕೊಂಡರು. "ಮೇಲೆ ನೋಡಿದ್ರೆ ಏನೂ ಗೊತ್ತಾಗಲ್ಲ ಕಣಪ್ಪ" ಎಂದರು. "ವಿಷ ಏನಾದ್ರೂ?" ಎಂದ ಚಿಕ್ಕಪ್ಪ, ನನ್ನ ಕಡೆ ನೋಡದೆ. "ಇರಬೌದು. ಇಲ್ದೇನೂ ಇರಬೌದು. ವಿಷ ತಿಂದ ಇಲಿ ನುಂಗಿದ್ರೂ ಹಿಂಗಾಗುತ್ತೆ, ಒಳಗೆ ಬೇರೆ ಕಾಯಿಲೆ ಇದ್ರೂ ಹಿಂಗಾಗುತ್ತೆ." ಬರುವಾಗ ಚಿಕ್ಕಪ್ಪ ಗಾಡಿಯನ್ನು ತೀರಾ ನಿಧಾನವಾಗಿ ಓಡಿಸಿದ.

ಹಾವಿಗೆ ಸಂಸ್ಕಾರ ಎಂದರೆ ಸುಡಬೇಕು ಎಂದರು ಪಕ್ಕದ ಮನೆಯವರು. ಅಜ್ಜಿ ಕೇಳಲಿಲ್ಲ. "ನಾಗರಕ್ಕೆ ಅದು. ಇವನು ನಮ್ಮನೇಲಿ ಬೆಳೆದೋನು, ನಮ್ಮಂಗೇ ಮಣ್ಣಿಗೆ ಹೋಗ್ಲಿ" ಎಂದಳು. ನಮ್ಮಲ್ಲಿ ಸತ್ತವರನ್ನು ಹೂಳುವುದೇ ಪದ್ಧತಿ. ತೋಟದ ಮೂಲೆಯಲ್ಲಿ ಗುಂಡಿ ತೆಗೆದು, ಸುತ್ತಿಕೊಂಡು ಮಲಗಿದಂತೆ ಅದನ್ನಿಟ್ಟು, ಅಜ್ಜಿ ವಿಭೂತಿ ಉದುರಿಸಿದಳು, ಬಿಲ್ವಪತ್ರೆ ಹಾಕಿದಳು. ಅಪ್ಪ, ಅಮ್ಮ, ಚಿಕ್ಕಪ್ಪ, ನಾನು ಒಂದೊಂದು ಹಿಡಿ ಮಣ್ಣು ಹಾಕಿದೆವು. ಚಿಕ್ಕಮ್ಮ ಬಂದಿರಲಿಲ್ಲ. ಬಸುರಿಯರು ಅಂಥ ಕಡೆ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ತೋಟದಿಂದ ತಿರುಗಿ ಬರುವಾಗ ಹಿತ್ತಲ ಬಾಗಿಲಲ್ಲಿ ಒಬ್ಬಳೇ ನಿಂತಿದ್ದ ಅವಳನ್ನು ನಾವೆಲ್ಲ ನೋಡಿದ ನೋಟ ಮೊದಲಿನಂತಿರಲಿಲ್ಲ. ಅವಳು ಕಾಲು ತೊಳೆಯಲು ನೀರು ಇಟ್ಟಿದ್ದಳು. ನಾವು ಕಾಲು ತೊಳೆದುಕೊಂಡು ಒಳಗೆ ಹೋದೆವು.

ಇಲಿ ಪಾಷಾಣ ನಮ್ಮ ಊರಿನಲ್ಲಿ ಯಾರ ಮನೆಯಲ್ಲಿರಲಿಲ್ಲ ಹೇಳಿ? ನಮ್ಮ ಉಗ್ರಾಣದ ಗೂಡಿನಲ್ಲೂ ಉದ್ದಣ್ಣ ಬರುವುದಕ್ಕೆ ಮುಂಚಿನದೊಂದು ಪೊಟ್ಟಣವಿತ್ತು. ನಾನು ಸ್ಟೂಲು ಹಾಕಿಕೊಂಡು ಹತ್ತಿ ನೋಡಿದೆ. ಬಾಯಿ ಮೊದಲೇ ಹರಿದಿತ್ತು, ಈಗ ಕಡಿಮೆಯಾಗಿದೆಯೋ ಹಿಂದೆಯೇ ಅಷ್ಟಿತ್ತೋ ಯಾರಿಗೆ ಗೊತ್ತು. ಸ್ಟೂಲಿನ ಮೇಲಿದ್ದಾಗಲೇ ಅಜ್ಜಿ ಕಂಡಳು. ಪೊಟ್ಟಣ ಕಿತ್ತುಕೊಂಡು ಹೋಗಿ ತಿಪ್ಪೆಯಲ್ಲಿ ಹೂತು ಬಂದು, ಚಿಕ್ಕಮ್ಮ ಬಾವಿಯ ಕಡೆ ಹೋದ ಸಮಯ ನೋಡಿ ನಮ್ಮನ್ನೆಲ್ಲ ನಡುಮನೆಗೆ ಕರೆದಳು. "ಬಸುರಿ ಇರೋ ಮನೇಲಿ ಹಾವು ಕೊಂದ್ರೆ ಹೊಟ್ಟೇಲಿರೋ ಕೂಸಿಗೆ ದೋಷ ಅಂತಾರೆ. ಅವಳನ್ನ ಯಾರಾದ್ರೂ ಕೇಳಿ, ಅವಳು ಹೂಂ ಅಂದ್ಲು ಅಂತಿಟ್ಕೊಳ್ಳಿ. ಆಮೇಲೆ ಕೂಸಿಗೆ ನೆಗಡಿಯಾದ್ರೂ ಅದೇ ಅಂತೀರ. ಅದಕ್ಕೇ ಹೇಳ್ತಿದೀನಿ, ಯಾರೂ ಕೇಳಬ್ಯಾಡಿ. ಇವತ್ತೂ ಬ್ಯಾಡ, ಮುಂದೂ ಬ್ಯಾಡ." ಅಜ್ಜಿ ಒಂದು ಮಾತು ಆಡಿದರೆ ಅದು ಮುಗಿದ ಹಾಗೆ. ಎಲ್ಲರೂ ತಲೆಯಾಡಿಸಿದರು. ನಾನು ಆಡಿಸಿದೆನೋ ಇಲ್ಲವೋ ಯಾರೂ ಗಮನಿಸಲಿಲ್ಲ.

ಆಮೇಲಿನ ಆ ಬೇಸಿಗೆಯನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಯಾರೂ ಚಿಕ್ಕಮ್ಮನನ್ನು ಬಯ್ಯಲಿಲ್ಲ. ಅಮ್ಮ ಅವಳಿಗೆ ಹುಳಿ ಮಾವಿನಕಾಯಿ ತರಿಸಿಕೊಟ್ಟಳು, ಅಜ್ಜಿ ಕೊಬ್ಬರಿ ಬೆಲ್ಲ ಕುಟ್ಟಿ ಉಂಡೆ ಮಾಡಿದಳು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಅವಳು ಬಂದರೆ ನಮ್ಮ ಮಾತು ನಿಲ್ಲುತ್ತಿತ್ತು. ಚಿಕ್ಕಪ್ಪ ಕ್ಯಾಸೆಟ್ ಹಾಕುವುದನ್ನೇ ಬಿಟ್ಟಿದ್ದ. ಬೆಳಿಗ್ಗೆ ಅವಳು ಕಾಫಿ ಕೊಟ್ಟರೆ ಕುಡಿಯುವ ಮೊದಲು ಲೋಟದೊಳಗೆ ಒಂದು ಗಳಿಗೆ ನೋಡುತ್ತಾ ಕೂರುತ್ತಿದ್ದ. ಏನೋ ಯೋಚನೆಯಲ್ಲಿ ಹಾಗೆ ಕೂರುತ್ತಿದ್ದನೋ ಏನೋ, ನನಗೆ ಅವನ ಮೇಲೆ ತಪ್ಪು ಹೊರಿಸುವ ಆಸೆಯಿಲ್ಲ. ಆದರೆ ಅವನು ಹಾಗೆ ನೋಡುವುದನ್ನು ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದಳು, ಅದನ್ನು ನಾನು ನೋಡಿದೆ. ಉದ್ದಣ್ಣ ಯಾಕೆ ಸತ್ತ ಎಂಬುದು ಅಲ್ಲಿಯವರೆಗೆ ನನ್ನ ಮತ್ತು ಹಾವಿನ ವಿಷಯವಾಗಿತ್ತು. ಅವತ್ತು ಅದು ಚಿಕ್ಕಮ್ಮನ ವಿಷಯವೂ ಆಯಿತು. ಅಜ್ಜಿ ಬಯ್ದರೆ ಬಯ್ಯಲಿ, ಹೊಡೆದರೆ ಹೊಡೆಯಲಿ, ಕೇಳಿಯೇ ತೀರುತ್ತೇನೆ ಎಂದು ನಿರ್ಧಾರ ಮಾಡಿದೆ.

ಹಿತ್ತಲಲ್ಲಿ ಅವಳು ನನಗೆ ಜಡೆ ಹಾಕುತ್ತಿದ್ದಳು. ನಾನು ಹಿಂತಿರುಗಿ ಅವಳ ಮುಖಕ್ಕೇ ಕೇಳಿದೆ. "ಚಿಕ್ಕಮ್ಮ, ಉದ್ದಣ್ಣಂಗೆ ನೀನೇನಾದ್ರೂ ಹಾಕಿದ್ಯಾ?" ಅವಳ ಕೈಯಲ್ಲಿದ್ದ ಬಾಚಣಿಗೆ ಹಾಗೇ ನಿಂತಿತು. ಕೋಪ ಬರುತ್ತದೆ ಎಂದುಕೊಂಡಿದ್ದೆ. ಅವಳು ಉಸಿರು ಬಿಟ್ಟ ರೀತಿ ನೋಡಿದರೆ ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡ ಹಾಗಿತ್ತು. "ಇಲ್ಲ ಕಣೇ. ಭಯ ಇತ್ತು, ಅದು ನಿಜ. ಎಲ್ಲಾದ್ರೂ ಹೊರಟೋಗ್ಲಿ, ಸತ್ರೂ ಸಾಯ್ಲಿ ಅಂತ ಮನಸ್ಸಲ್ಲಿ ಅಂದ್ಕೊಂಡಿದ್ದೂ ಉಂಟು. ಆದ್ರೆ ನಾನು ಏನೂ ಹಾಕ್ಲಿಲ್ಲ" ಎಂದಳು. ಆಮೇಲೆ ನನ್ನ ತಲೆಯನ್ನು ಆಚೆ ತಿರುಗಿಸಿ ಜಡೆ ಮುಂದುವರಿಸಿದಳು. ಅವತ್ತಿನ ಜಡೆ ಸೊಟ್ಟಗಾಯಿತು. ಸಾಯಲಿ ಅಂದುಕೊಂಡಿದ್ದೆ ಎಂದು ಒಪ್ಪಿಕೊಂಡವಳು ಉಳಿದದ್ದನ್ನು ಸುಳ್ಳು ಹೇಳಲಾರಳು ಎಂದು ನನಗನ್ನಿಸಿತು. ಬೇರೆ ಸಾಕ್ಷಿ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ನಾನು ನಂಬಿದೆ, ಆಮೇಲೆ ಒಂದು ದಿನವೂ ಆ ನಂಬಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಉದ್ದಣ್ಣ ಯಾಕೆ ಸತ್ತ ಎಂಬುದಕ್ಕೆ ಉತ್ತರವಿಲ್ಲ ಎಂಬುದನ್ನೂ ಅವತ್ತೇ ಒಪ್ಪಿಕೊಂಡೆ. ತೋಟದ ಮೂಲೆಗೆ ಹೋಗಿ ಆ ಮಣ್ಣಿನ ಮುಂದೆ ಕೂತು ಅಲ್ಲಿಯವರೆಗೆ ತಡೆದಿದ್ದ ಅಳುವನ್ನೆಲ್ಲ ಅತ್ತೆ.

ಚಿಕ್ಕಪ್ಪನಿಗೂ ಹೇಳಿದೆ. "ಚಿಕ್ಕಮ್ಮ ಏನೂ ಹಾಕ್ಲಿಲ್ಲಂತೆ." ಅವನು ಗಾಡಿ ಒರೆಸುತ್ತಿದ್ದ. "ನಾನೆಲ್ಲಿ ಹಾಕಿದ್ಲು ಅಂದೆ?" ಎಂದ. ಅಲ್ಲಿಗೆ ಆ ಮಾತು ಮುಗಿಯಿತು. ಮಳೆಗಾಲಕ್ಕೆ ಹೆಣ್ಣು ಕೂಸು ಹುಟ್ಟಿತು, ಗುಂಡುಗುಂಡಗೆ ಚೆನ್ನಾಗಿತ್ತು. ಚಿಕ್ಕಪ್ಪ ಅದನ್ನು ಹೆಗಲಿನಿಂದ ಇಳಿಸುತ್ತಿರಲಿಲ್ಲ. ಅಟ್ಟಕ್ಕೆ ಇಲಿಗಳು ತಿರುಗಿ ಬಂದವು. ಬೆಕ್ಕು ತಂದರು, ಬೋನು ಇಟ್ಟರು, ಇನ್ನೊಂದು ಹಾವಿನ ಮಾತು ಯಾರೂ ಎತ್ತಲಿಲ್ಲ. ಅಜ್ಜಿ ಹೋದಳು. ಅಪ್ಪ ಚಿಕ್ಕಪ್ಪ ಬೇರೆಯಾದರು. ಅಟ್ಟದ ತೊಲೆಗೆ ಗೆದ್ದಲು ಹತ್ತಿ, ಮನೆಯನ್ನೇ ಕೆಡವಿ ಎರಡು ತಾರಸಿ ಮನೆ ಎಬ್ಬಿಸಿದರು. ಈಗ ಕಾಯಿ ಒಣಗುವುದು ತೋಟದಲ್ಲಿ ಕಟ್ಟಿದ ಶೆಡ್ಡಿನಲ್ಲಿ. ಆ ನಡುಮನೆ, ಆ ಏಣಿ, ಆ ಕತ್ತಲೆಯ ಬಿಸುಪು, ಯಾವುದೂ ಇಲ್ಲ. ನಿಮ್ಮ ಮನೆಯೂ ಹೀಗೇ ಹೋಗಿರಬಹುದು. ಹೋಗುವುದು ಒಮ್ಮೆಗೇ ಗೊತ್ತಾಗುವುದಿಲ್ಲ.

ಹೋದ ವರ್ಷ ಚಿಕ್ಕಪ್ಪ ತೀರಿಕೊಂಡ. ಅವನನ್ನೂ ತೋಟದಲ್ಲೇ ಮಣ್ಣು ಮಾಡಿದರು. ಶಿವಗಣಾರಾಧನೆ ಮುಗಿದು, ನೆಂಟರೆಲ್ಲ ಬಸ್ಸು ಹಿಡಿದು ಹೋದ ಮಧ್ಯಾಹ್ನ ನಾನು, ಚಿಕ್ಕಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಿದ್ದೆವು. ಅವಳು ಇದ್ದಕ್ಕಿದ್ದಂತೆ ಹೇಳಿದಳು. "ನಿಮ್ ಚಿಕ್ಕಪ್ಪ ಒಂದು ದಿನಾನೂ ನನ್ನ ಏ ಅನ್ಲಿಲ್ಲ ಕಣೇ. ಚೆನ್ನಾಗೇ ನೋಡ್ಕೊಂಡ್ರು. ಆದ್ರೆ ಆ ಹಾವಿನ ವಿಷಯ ಮಾತ್ರ ಕೇಳ್ದೇ ಹೋದ್ರು. ಕಡೇಗೆ ಆಸ್ಪತ್ರೇಲಾದ್ರೂ ಕೇಳ್ತಾರೆ ಅಂತ ಕಾದೆ. ಕೇಳಿದ್ದಿದ್ರೆ ಇಲ್ಲ ಅಂತಿದ್ದೆ, ಅಷ್ಟೇ. ಕೇಳ್ದೇ ಇರೋರ ಹತ್ರ ಹೆಂಗೆ ಹೇಳೋದು? ಆ ಮನೇಲಿ ನನ್ನ ಕೇಳಿದ್ದು ನೀನೊಬ್ಳೇ."

ಅಜ್ಜಿ ಅವಳ ಮೇಲಿನ ಮರುಕದಿಂದಲೇ ನಮ್ಮ ಬಾಯಿ ಕಟ್ಟಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಮರುಕದ ಕೆಳಗೆ ಇವಳು ಇಷ್ಟು ವರ್ಷ ಒಂದೇ ಒಂದು ಪದವನ್ನು ಬಾಯಲ್ಲಿಟ್ಟುಕೊಂಡು ಬದುಕಿದ್ದಳು. ನನಗೆ ಅಳು ಬಂತು, ಅದರ ಜೊತೆ ಹಳೆಯ ಹಟವೂ ಬಂತು. ಅವಳ ಕೈ ಹಿಡಿದುಕೊಂಡು, ಮಣ್ಣಿಗೆ ಹೋದವರೆಲ್ಲರ ಪರವಾಗಿ ಇನ್ನೊಂದು ಸಲ ಕೇಳಿದೆ. "ಚಿಕ್ಕಮ್ಮ, ಉದ್ದಣ್ಣಂಗೆ ನೀನೇನಾದ್ರೂ ಹಾಕಿದ್ಯಾ?"

ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ. ತೋಟದ ಕಡೆ ಮುಖ ಮಾಡಿ, ಅಷ್ಟು ದೂರಕ್ಕೂ ಕೇಳುವ ಹಾಗೆ ಹೇಳಿದಳು.

"ಇಲ್ಲ ಕಣ್ರೀ. ನಾನು ಹಾಕ್ಲಿಲ್ಲ."