ಕೆಂಪು ಚುಕ್ಕೆಯವರೆಗಿನ ಹಾಡು

ನನ್ನ ಮೊಬೈಲಿಗೆ ಬೆಳಗಾದರೆ ಒಂದೇ ಗೋಳು: ಜಾಗ ಸಾಲದು. ನಿಮಗೂ ಈ ಕಾಟ ಇರಬೇಕು. ಬಂಧುಮಿತ್ರರು ಭಕ್ತಿಪೂರ್ವಕವಾಗಿ ಕಳುಹಿಸಿದ ಶುಭೋದಯದ ಗುಲಾಬಿಗಳನ್ನೆಲ್ಲ ಅಳಿಸಿದರೂ ಅದಕ್ಕೆ ಸಮಾಧಾನವಿಲ್ಲ. ಯಾವುದನ್ನು ಉಳಿಸಲಿ, ಯಾವುದನ್ನು ಅಳಿಸಲಿ ಎಂದು ಬೆರಳು ತಡೆದು ನಿಂತಾಗಲೆಲ್ಲ ಗುಬ್ಬಿಯ ರಂಗಸ್ವಾಮಿಯ ನಡುಮನೆ ನೆನಪಾಗುತ್ತದೆ.

ರಂಗ ನನ್ನ ಕಾಲೇಜಿನ ಗೆಳೆಯ. ನಾನು ಪದ್ಯ ಬರೆಯುತ್ತಿದ್ದೆ. ಅವನು ಹಾರ್ಮೋನಿಯಂ ಮುಂದೆ ಕೂತು ಅದಕ್ಕೆ ರಾಗ ಹಾಕಿ ನನ್ನ ಮಾನ ಕಾಪಾಡುತ್ತಿದ್ದ. ನಮ್ಮ ಹಾಡನ್ನು ನಾವೇ ಕೇಳಿ ಧನ್ಯರಾಗುವ ಆಸೆಯಿಂದ, ಒಂದು ಭಾನುವಾರ ಕುಣಿಗಲ್ಲಿನ ಅವನ ಭಾವನ ಟೇಪ್ ರೆಕಾರ್ಡರನ್ನು ಸಂಜೆಯೊಳಗೆ ಮರಳಿಸುವ ಷರತ್ತಿನ ಮೇಲೆ ಹೊತ್ತು ತಂದೆವು. ಹೊಸ ಕ್ಯಾಸೆಟ್ ತರುವುದನ್ನು ಮಾತ್ರ ಇಬ್ಬರೂ ಮರೆತಿದ್ದೆವು, ಅಂಗಡಿಗಳು ಬಾಗಿಲು ಹಾಕಿದ್ದವು. ರಂಗನ ಮನೆಯಲ್ಲಿದ್ದದ್ದು ಒಂದೇ ಕ್ಯಾಸೆಟ್. ಮೊದಲಿಗೆ ರೇಡಿಯೋದಿಂದ ಹಿಡಿದಿಟ್ಟ ಸಿನಿಮಾ ಹಾಡು. ಅದರ ಬೆನ್ನಿಗೇ, ರಂಗನ ಅಕ್ಕನ ಮದುವೆಯಲ್ಲಿ ಅವನ ಅವ್ವ ಹಾಡಿದ ಸೋಬಾನೆಯ ನಾಲ್ಕು ಸಾಲು, ಆಮೇಲೆ ನಾಚಿ ನಕ್ಕ ಸದ್ದು. ಅಲ್ಲಿಂದ ಮುಂದಿನ ಟೇಪನ್ನು ಯಂತ್ರ ಎಂದೋ ಅಗಿದು ಹಾಕಿತ್ತು, ಮಗುಚಿ ಹಾಕಿದರೆ ಸುರುಳಿ ಸಿಕ್ಕಿಕೊಳ್ಳುತ್ತಿತ್ತು. ಅವ್ವ ತೀರಿಕೊಂಡು ಆಗ ವರ್ಷವಾಗಿತ್ತು. ಅವಳ ದನಿಯೆಂದು ಉಳಿದದ್ದು ಅಷ್ಟೇ.

ಸಿನಿಮಾ ಹಾಡನ್ನು ಅಳಿಸಿದರೆ ಸಿಗುವ ಜಾಗದಲ್ಲೇ ನಮ್ಮದು ಮುಗಿಯಬೇಕು. ಅವ್ವನ ದನಿ ಶುರುವಾಗುವಾಗ ಟೇಪಿನ ಸುರುಳಿ ಎಲ್ಲಿಗೆ ಬರುತ್ತದೆಂದು ನೋಡಿ, ಕ್ಯಾಸೆಟ್ಟಿನ ಕಿಟಕಿಯ ಮೇಲೆ ರಂಗ ಅಕ್ಕನ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟ. ಗಡಿಯಾರ ಹಿಡಿದು ತಾಲೀಮು ಮಾಡಿದರೆ ಹಾಡು ಉದ್ದವಾಗುತ್ತಿತ್ತು. ಆಲಾಪ ಹೋಯಿತು, ಚರಣಗಳ ನಡುವಿನ ಹಾರ್ಮೋನಿಯಂ ಹೋಯಿತು. ವೇಗ ಹೆಚ್ಚಿಸಿದರೆ ನನ್ನ ಪದ್ಯದ ವಿರಹಿ ಬಸ್ಸು ಹಿಡಿಯಲು ಓಡುವವನಂತೆ ಕೇಳಿಸಿದ. ಕೊನೆಗೆ ಮೂರನೆಯ ಚರಣಕ್ಕೆ ಕತ್ತರಿ ಬಿತ್ತು. ಸಮಾಸಗಳಿಂದ ಸರ್ವಾಲಂಕೃತವಾದ, ನನ್ನ ಪ್ರತಿಭೆಯ ಪರಾಕಾಷ್ಠೆಯೆಂದು ನಾನೊಬ್ಬನೇ ನಂಬಿದ್ದ ಚರಣ ಅದು. ನಾನು ಮುಖ ಊದಿಸಿಕೊಂಡು ಕೂತೆ. ರಂಗ ದನಿ ಏರಿಸಲಿಲ್ಲ.

“ನೀನು ಇನ್ನೊಂದ್ ಪದ್ಯ ಬರೀಬೋದು ಕಣೋ. ಅವ್ವ ಇನ್ನೊಂದ್ ಸಲ ಹಾಡಲ್ಲ.”

ಆ ಚರಣಕ್ಕೆ ನಾನೇ ಗೀಟು ಹಾಕಿದೆ. ಹೇಗೂ ನಮ್ಮ ಬೆನ್ನಿಗೇ ಅವ್ವ ಬರುತ್ತಾಳೆಂದು ಅವನು ನಮ್ಮ ಹಾಡನ್ನು ಅವಳ ಶ್ರುತಿಗೇ ಹೊಂದಿಸಿ, ಕೊನೆಯ ಸಾಲನ್ನು ಷಡ್ಜಕ್ಕೆ ಇಳಿಸದೆ ಅರ್ಧದಲ್ಲೇ ನಿಲ್ಲಿಸಿದ. ಕೇಳಿದಾಗ, ನಾವು ಬಿಟ್ಟ ಸಾಲನ್ನು ಅವ್ವ ಎತ್ತಿಕೊಂಡು ಮುಗಿಸಿದಂತಿತ್ತು. ಇಬ್ಬರೂ ಅತ್ತೆವು.

ಅಂತರಸನಹಳ್ಳಿಯ ಕಾರ್ಖಾನೆಯಿಂದ ನಿವೃತ್ತನಾಗಿರುವ ರಂಗ, ಮೊನ್ನೆ ಅದೇ ಹಾಡನ್ನು ಬಟವಾಡಿಯ ಸ್ಟುಡಿಯೋದಲ್ಲಿ ಸಾಂಗೋಪಾಂಗವಾಗಿ ರೆಕಾರ್ಡ್ ಮಾಡೋಣವೆಂದ. ಕಂಪ್ಯೂಟರಿನಲ್ಲಿ ಜಾಗಕ್ಕೆ ಬರವಿಲ್ಲ. ಕೊಳಲು ಬಂತು, ಪಿಟೀಲು ಬಂತು, ನನ್ನ ಮೂರನೆಯ ಚರಣಕ್ಕೂ ಪುನರ್ವಸತಿ ದೊರೆಯಿತು. ಮೈಕು ಬಿಡದ ಮುಖ್ಯ ಅತಿಥಿಯಂತೆ ಅದು ಹೇಳಿದ್ದನ್ನೇ ಹೇಳುತ್ತಿತ್ತು. ಹಾಡು ಮುಗಿದ ಮೇಲೆ ಸ್ಟುಡಿಯೋದವರು ಹೇಗಿದೆಯೆಂದು ಕೇಳಿದರು. ನಾವಿಬ್ಬರೂ ಇನ್ನೂ ಕಿವಿಗೊಟ್ಟು ಕೂತೇ ಇದ್ದೆವು.

“ಅವ್ವ ಬರ್ಲಿಲ್ಲ ಕಣೋ,” ಎಂದ ರಂಗ.

ಹೊಸ ಹಾಡನ್ನೂ, ರಂಗ ಜೊತೆಗೆ ತಂದಿದ್ದ ಕ್ಯಾಸೆಟ್ಟಿನಿಂದ ಇಳಿಸಿದ ಹಳೆಯದನ್ನೂ ಸ್ಟುಡಿಯೋದವರು ನನ್ನ ಮೊಬೈಲಿಗೆ ಹಾಕಿಕೊಟ್ಟರು. ಇವತ್ತು ಬೆಳಿಗ್ಗೆ ಅದು ಜಾಗವಿಲ್ಲವೆಂದು ಮತ್ತೆ ಗೊಣಗಿತು. ಗುಲಾಬಿಗಳ ತಂಟೆಗೆ ಹೋಗದೆ ಹೊಸ ಹಾಡನ್ನು ಮೂರನೆಯ ಚರಣದ ಸಮೇತ ಅಳಿಸಿದೆ. ಈ ಸಲ ಮುಖ ಊದಲಿಲ್ಲ. ಆಮೇಲೆ ಹಳೆಯದನ್ನು ಹಚ್ಚಿ, ನಮ್ಮ ಸಾಲು ಅರ್ಧಕ್ಕೆ ನಿಂತಲ್ಲಿ ಉಸಿರು ಹಿಡಿದು ಕಾದೆ. ಅವ್ವ ಬಂದಳು.